ಮನೆಗೆ ಒಯ್ಯದ ಕರಪತ್ರ

ಧಾರವಾಡದ ಸಾಧನಕೇರಿಯಲ್ಲಿ ಮುಂಜಾನೆ ಅಡ್ಡಾಡಲು ಬಂದಿದ್ದ ಹಿರಿಯರೊಬ್ಬರಿಗೆ ನಾನೇ ವಿನ್ಯಾಸ ಮಾಡಿದ ಕರಪತ್ರ ಕೊಟ್ಟೆ. ಕೈ ಚಾಚಿ ದೂರ ಹಿಡಿದರು. ಬಿಸಿಲಿಗೆ ಹಿಡಿದರೆ ನುಣುಪು ಕಾಗದ ಹೊಳೆಯಿತು, ಮತ್ತೆ ನೆರಳಿಗೆ ತಂದರು. ತಲೆಬರಹದಲ್ಲಿ 'ವೃದ್ಧರ' ಅಂತ ಓದಿದ್ದೇ ನಾಲ್ಕು ಮಡಿಕೆ ಮಾಡಿ ನನ್ನ ಕೈಗೇ ಇಟ್ಟರು.

"ಬ್ಯಾಡ ತಮ್ಮಾ, ಇದನ್ನ ಮನಿಗೆ ಒಯ್ದ್ರ ಸೊಸಿ ನೊಂದ್ಕೋತಾಳ. ಆಶ್ರಮದ್ದು ಅನ್ಕೋತಾಳ."

ಹುಬ್ಬಳ್ಳಿಯಲ್ಲಿ ಸಂಘಗಳಿಗೆ ಬೋರ್ಡು, ಲಾಂಛನ, ಕರಪತ್ರ ಮಾಡಿಕೊಡುವುದು ನನ್ನ ಕಸುಬು. ಈ ಕರಪತ್ರ ಮಾಡಿಸಿದ್ದು ಹಿರಿಯರದೇ ಒಂದು ಗುಂಪು. ಅವರು ಮಾಡುತ್ತಿದ್ದದ್ದು ವಾರಕ್ಕೆರಡು ಸಲ ಸೇರಿ ಬಿಪಿ ನೋಡುವುದು, ಪೇಪರ್ ಓದುವುದು, ಒಬ್ಬರೇ ಇರುವವರ ಮನೆಗೆ ಹೋಗಿ ಮಾತಾಡಿಸಿ ಬರುವುದು. ಆದರೆ ನಮ್ಮ ಕಡೆ 'ವೃದ್ಧ' ಎಂದ ಕೂಡಲೇ ಬಾಯಿಗೆ ಬರುವ ಮುಂದಿನ ಪದ 'ಆಶ್ರಮ'. ಮಂದಿ ಏನಂದಾರು ಎಂಬ ಅಳುಕು ಹಿರಿಯರಿಗಿಂತ ಮಕ್ಕಳಿಗೆ ಹೆಚ್ಚು. ಅದರ ಮೇಲೆ ನಾನು ಊರುಗೋಲು ಹಿಡಿದ ಸುಕ್ಕುಗೈಯ ಚಿತ್ರ ಬೇರೆ ಹಾಕಿದ್ದೆ. ತಪ್ಪು ನನ್ನದೇ.

ಗುಂಪಿಗೆ 'ವೃದ್ಧ' ಇಲ್ಲದ ಹೊಸ ಹೆಸರಿಗಾಗಿ ಸದಸ್ಯರನ್ನೇ ಕೇಳಿದೆವು: ಇಲ್ಲಿಗೆ ಬರುವಾಗ ಮನೆಯಲ್ಲಿ ಏನು ಹೇಳಿ ಬರ್ತೀರಿ? "ಕಟ್ಟಿಗೆ ಹೊಂಟೀನಿ ಅಂತೇನ್ರಿ," ಎಂದರು ಒಬ್ಬ ಅಮ್ಮ. ಕಟ್ಟಿ ಅಂದರೆ ಊರ ಮಂದಿ ಕೂತು ಮಾತಾಡುವ ಕಟ್ಟೆ. ಅದರ ಮೇಲೆ ಕೂತವರ ಹತ್ತಿರ ಊರು ಬುದ್ಧಿ ಕೇಳುತ್ತದೆ. ಆ ಪದವೇ ಬೋರ್ಡಿಗೇರಿತು.

ಅಕ್ಷರದ್ದು ಇನ್ನೊಂದು ಪಾಠ. ಕನ್ನಡದಲ್ಲಿ ಮೊದಲು ಮಸುಕಾಗುವುದು ಒತ್ತಕ್ಷರ. 'ಜ್ಯೇಷ್ಠ' ಎಂಬಲ್ಲಿ ಮೇಲಿನದು ಕಂಡರೂ ಕೆಳಗಿನದು ಚುಕ್ಕೆಯಾಗಿಬಿಡುತ್ತದೆ. ಈಗ 18 ಪಾಯಿಂಟಿಗಿಂತ ಕೆಳಗೆ ಇಳಿಯುವುದಿಲ್ಲ, ಸಾಲುಗಳ ನಡುವೆ ಧಾರಾಳ ಜಾಗ ಬಿಡುತ್ತೇನೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ನೀಲಿ-ಹಸಿರಿನ ವ್ಯತ್ಯಾಸ ಸುಲಭವಾಗಿ ಸಿಗುವುದಿಲ್ಲ. ಹೊಳಪಿಲ್ಲದ ಕೆನೆಬಣ್ಣದ ಕಾಗದ, ಕಪ್ಪು ಶಾಯಿ ಸಾಕು. ಅತಿಥಿಗಳ ಫೋಟೊ ತೆಗೆದರೆ ಜಾಗ ತಾನಾಗಿಯೇ ಸಿಗುತ್ತದೆ. ಇದಕ್ಕೆ ಪದಾಧಿಕಾರಿಗಳನ್ನು ಒಪ್ಪಿಸುವುದು ಮಾತ್ರ ಕಷ್ಟ.

ಸರ್ಕಲ್‌ನ ಫ್ಲೆಕ್ಸಿಗೆ ಹಾಕುವ ದುಡ್ಡನ್ನು ಉಳಿಸಿ, ಅಂಚೆ ಕಚೇರಿಯ ಹತ್ತಿರ ಮೇಜು ಹಾಕಿ ಹಿರಿಯ ನಾಗರಿಕರ ಕಾರ್ಡಿಗೆ ಅರ್ಜಿ ತುಂಬಿಕೊಟ್ಟೆವು. 60 ದಾಟಿದವರಿಗೆ ಸಾರಿಗೆ ಬಸ್ಸಿನಲ್ಲಿ ಶೇ 25 ರಿಯಾಯಿತಿ ಇರುವುದರಿಂದ ಗಂಡಸರು ಬಂದರು. ಹೆಣ್ಣುಮಕ್ಕಳಿಗೆ 2023ರಿಂದ ಶಕ್ತಿ ಯೋಜನೆಯಲ್ಲಿ ಪ್ರಯಾಣವೇ ಉಚಿತ, ಅವರು ಕಾರ್ಡಿಗೆ ಯಾಕೆ ಬರಬೇಕು? ಓಣಿಯ ಭಜನಾ ಮಂಡಳಿಗೆ ನಾವೇ ಹೋಗಿ ಕೂತೆವು. ಭಜನೆ ಮುಗಿದು ಪ್ರಸಾದ ಹಂಚುವ ಹತ್ತು ನಿಮಿಷದಲ್ಲಿ ಆದ ಪ್ರಚಾರ ಯಾವ ವಾಟ್ಸ್ಆ್ಯಪ್ ಚಿತ್ರದಿಂದಲೂ ಆಗಿರಲಿಲ್ಲ.

ಕರಪತ್ರದ ಹಿಂಬದಿಯಲ್ಲಿ ಈಗ ಎರಡೇ ನಂಬರ್, ದಪ್ಪಗೆ. ಒಂದು ಹಿರಿಯರ ಸಹಾಯವಾಣಿ 14567. ಇನ್ನೊಂದು ಗುಂಪಿನದು, ಐದೈದು ಅಂಕಿ ಬಿಡಿಸಿ ಬರೆದದ್ದು. ಆ ಫೋನು ನಿವೃತ್ತ ಶಿಕ್ಷಕಿಯೊಬ್ಬರ ಬಳಿ ಇರುತ್ತದೆ. ಎತ್ತಿದವರೇ ಮೊದಲು ಕೇಳುವುದು, "ಹೇಳ್ರಿ, ಊಟ ಆತೇನ್ರಿ?"