ತೊಡೆಯೆಂಬ ಕೆಟ್ಟ ಮೇಜು

ಲ್ಯಾಪ್‌ಟಾಪ್‌ನ ಹೆಸರಲ್ಲೇ ತೊಡೆ ಇದೆ. ಆದರೂ ಮನೆಯಲ್ಲಿ ಅದನ್ನು ಇಡಬಹುದಾದ ಜಾಗಗಳಲ್ಲಿ ತೊಡೆಗಿಂತ ಕೆಟ್ಟದ್ದು ಹಾಸಿಗೆಯೊಂದೇ. ಯಾಕೆಂದು ತಿಳಿಯಲು ಗುಣಾಕಾರ ಬಂದರೆ ಸಾಕು.

ಕಂಪ್ಯೂಟರ್ ಎಳೆದುಕೊಳ್ಳುವ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿ ಶಾಖವಾಗಿಯೇ ಹೊರಬರುತ್ತದೆ. ಫ್ಯಾನ್ ಇಲ್ಲದ ತೆಳು ಲ್ಯಾಪ್‌ಟಾಪ್ ಒಂದನ್ನು ತೆಗೆದುಕೊಳ್ಳಿ. ಅಗಲ 31 ಸೆಂ.ಮೀ., ಆಳ 22 ಸೆಂ.ಮೀ., ಕೀಲಿಮಣೆಯಿರುವ ಭಾಗದಲ್ಲಿ ಹುಟ್ಟುವ ಶಾಖ 10 ವ್ಯಾಟ್. ನಿಂತ ಗಾಳಿಯಲ್ಲಿ ಒಂದು ಚದರ ಮೀಟರ್ ಮೇಲ್ಮೈ, ತಾನು ಸುತ್ತಲಿಗಿಂತ ಎಷ್ಟು ಡಿಗ್ರಿ ಹೆಚ್ಚು ಬಿಸಿಯಾಗಿದೆಯೋ, ಡಿಗ್ರಿಗೆ ಹತ್ತು ವ್ಯಾಟ್‌ನಂತೆ ಶಾಖ ಬಿಟ್ಟುಕೊಡುತ್ತದೆ ಎಂಬುದು ಸ್ಥೂಲ ಲೆಕ್ಕ. ಮೇಲೂ ಕೆಳಗೂ ಗಾಳಿ ಆಡುತ್ತಿದ್ದರೆ ಯಂತ್ರ ಕೋಣೆಗಿಂತ ಸುಮಾರು 7 ಡಿಗ್ರಿ ಬಿಸಿಯಾಗಿ ಅಲ್ಲಿಗೆ ನಿಲ್ಲುತ್ತದೆ. ತಳವನ್ನು ಮುಚ್ಚಿದರೆ ಶಾಖಕ್ಕೆ ಉಳಿಯುವುದು ಅರ್ಧ ಬಾಗಿಲು. ಆಗ ಏರಿಕೆ 15 ಡಿಗ್ರಿ. ಕೋಣೆ 28 ಡಿಗ್ರಿ ಇದ್ದರೆ ಮೊದಲನೆಯದು 35, ಎರಡನೆಯದು 43. ಇದು ಸರಾಸರಿ, ಪ್ರೊಸೆಸರ್‌ನ ಕೆಳಗಿನ ಅಂಗೈಯಗಲದ ಜಾಗ ಇನ್ನೂ ಬಿಸಿ. ಮೇ ತಿಂಗಳ ರಾಯಚೂರಿನಲ್ಲಿ ಕೋಣೆಯೇ 38 ಡಿಗ್ರಿ ಮುಟ್ಟಿದಾಗ ಲೆಕ್ಕ ಎಲ್ಲಿಗೆ ಹೋಗುತ್ತದೆಂದು ನೀವೇ ಕೂಡಿಸಿಕೊಳ್ಳಿ.

ಮರದ ಮೇಜು ಕೋಣೆಯಷ್ಟೇ ತಣ್ಣಗಿರುತ್ತದೆ. ಜೊತೆಗೆ ತಳದ ರಬ್ಬರ್ ಕಾಲುಗಳು ಯಂತ್ರವನ್ನು ಒಂದೆರಡು ಮಿಲಿಮೀಟರ್ ಎತ್ತಿ ಹಿಡಿಯುತ್ತವೆ. ತೊಡೆಯಲ್ಲಿ ಆ ಕಾಲುಗಳು ಬಟ್ಟೆಯಲ್ಲಿ ಹೂತುಹೋಗುತ್ತವೆ. ಅಲ್ಲದೆ ತೊಡೆಯ ಚರ್ಮದ ಉಷ್ಣತೆಯೇ ಸುಮಾರು 33 ಡಿಗ್ರಿ. ಶಾಖ ನೀರಿನ ಹಾಗೆ, ಇಳಿಜಾರಿದ್ದ ಕಡೆಗೇ ಹರಿಯುವುದು. ಇಲ್ಲಿ ಇಳಿಜಾರೇ ಕಡಿಮೆ.

ಫ್ಯಾನ್ ಇರುವ ಯಂತ್ರದ ಕಥೆ ಬೇರೆ. ಅಲ್ಲಿ ಪ್ರೊಸೆಸರ್‌ನ ಬಿಸಿಯನ್ನು ತಾಮ್ರದ ಚಪ್ಪಟೆ ಕೊಳವೆ ಹೊತ್ತೊಯ್ಯುತ್ತದೆ. ಅದರೊಳಗೆ ಕಡಿಮೆ ಒತ್ತಡದಲ್ಲಿ ಚೂರೇ ಚೂರು ನೀರು ಇರುತ್ತದೆ. ಅದು ಬಿಸಿ ತುದಿಯಲ್ಲಿ ಆವಿಯಾಗಿ, ಇನ್ನೊಂದು ತುದಿಯಲ್ಲಿ ಮತ್ತೆ ನೀರಾಗಿ, ದೀಪದ ಬತ್ತಿ ಎಣ್ಣೆ ಹೀರುವಂತೆ ಒಳಗೋಡೆಯ ಜಾಲರಿಯಲ್ಲಿ ಮರಳಿ ಬರುತ್ತದೆ. ಆ ತುದಿಯ ತೆಳು ರೆಕ್ಕೆಗಳ ನಡುವೆ ಫ್ಯಾನ್ ಗಾಳಿ ನುಗ್ಗಿಸುತ್ತದೆ. 30 ವ್ಯಾಟ್ ಶಾಖವನ್ನು, ಗಾಳಿ 15 ಡಿಗ್ರಿಯಷ್ಟೇ ಬಿಸಿಯಾಗುವಂತೆ ಹೊರಹಾಕಲು ಸೆಕೆಂಡಿಗೆ ಸುಮಾರು 1.7 ಲೀಟರ್ ಗಾಳಿ ಬೇಕು. ಈ ಗಾಳಿ ಹೆಚ್ಚಿನ ಮಾದರಿಗಳಲ್ಲಿ ಒಳಬರುವುದು ತಳದ ಕಿಂಡಿಗಳಿಂದ. ಲುಂಗಿಯ ಮೇಲೋ ಕೌದಿಯ ಮೇಲೋ ಇಟ್ಟರೆ ಬಟ್ಟೆಯೇ ಕಿಂಡಿಗೆ ಅಂಟಿಕೊಳ್ಳುತ್ತದೆ. ಗಾಳಿ ಅರ್ಧವಾದರೆ ಏರಿಕೆ 30 ಡಿಗ್ರಿ. ಫ್ಯಾನ್ ಕಿರುಚುತ್ತದೆ, ಚಿಪ್ 95–100 ಡಿಗ್ರಿ ಮುಟ್ಟಿದಾಗ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ‘ಲ್ಯಾಪ್‌ಟಾಪ್ ಸ್ಲೋ ಆಗಿದೆ, ಹೊಸದು ಬೇಕು’ ಎನ್ನುವ ಎಷ್ಟೋ ದೂರುಗಳ ಮೂಲ ಹಾಸಿಗೆಯಲ್ಲಿದೆ.

ಇನ್ನು ಚರ್ಮದ ಮಾತು. ಸುಮಾರು 43 ಡಿಗ್ರಿ ದಾಟಿದಾಗ ‘ಉರಿ’ ಎಂದು ಕೂಗುವ, ಬಿಸಿಯನ್ನು ಗ್ರಹಿಸುವ ಒಂದು ಸಂವೇದಕ ನಮ್ಮ ನರತುದಿಗಳಲ್ಲಿದೆ, ಹೆಸರು ಟಿಆರ್‌ಪಿವಿ1. ಅದನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಮೆಣಸಿನಕಾಯಿಯ ಖಾರ ಕೆರಳಿಸುವುದೂ ಇದನ್ನೇ. ಖಾರಕ್ಕೆ ಬಾಯಿ ‘ಉರಿಯುತ್ತದೆ’ ಎಂದು ಕನ್ನಡ ಹೇಳುತ್ತಾ ಬಂದದ್ದು ಸರಿಯಾಗಿಯೇ ಇದೆ. ತೊಂದರೆಯೆಂದರೆ, ಆ ಗಡಿಯ ಆಸುಪಾಸಿನ ಬಿಸಿ ಹಿತವಾಗಿಯೇ ಇರುತ್ತದೆ. ಆದರೆ 44 ಡಿಗ್ರಿಯ ವಸ್ತು ಆರು ಗಂಟೆ ಒತ್ತಿಕೊಂಡೇ ಇದ್ದರೆ ಚರ್ಮ ಸುಡಬಹುದು ಎಂದು 1947ರಷ್ಟು ಹಿಂದೆಯೇ ಮೊರಿಟ್ಜ್ ಮತ್ತು ಹೆನ್ರಿಕೆಸ್ ಎಂಬ ಸಂಶೋಧಕರು ತೋರಿಸಿದ್ದರು. ಡಿಗ್ರಿಯಷ್ಟೇ ಗಂಟೆಯೂ ಮುಖ್ಯ.

ಸುಡದಿದ್ದರೂ, ವಾರಗಟ್ಟಲೆ ದಿನಾ ಇದೇ ಬಿಸಿ ತಾಗಿದರೆ ತೊಡೆಯ ಮೇಲೆ ಬಲೆಯ ಆಕಾರದ ಕೆಂಪು-ಕಂದು ಕಲೆ ಮೂಡಬಹುದು. ವೈದ್ಯರು ಇದನ್ನು ‘ಎರಿಥೀಮಾ ಅಬ್ ಇಗ್ನೆ’ ಎನ್ನುತ್ತಾರೆ. ಚಳಿಗೆ ಕೆಂಡ ತುಂಬಿದ ಕಾಂಗ್ಡಿ ಎಂಬ ಮಡಕೆಯನ್ನು ಮೈಗೆ ಒತ್ತಿ ಕೂರುವ ಕಾಶ್ಮೀರಿಗಳಲ್ಲಿ ಇದು ಹಳೆಯ ಪರಿಚಯ. ಲ್ಯಾಪ್‌ಟಾಪ್‌ನಿಂದ ಬಂದ ಪ್ರಕರಣಗಳು ವರದಿಯಾಗತೊಡಗಿದ್ದು 2004ರಿಂದ. ಬೇಗ ಗುರುತಿಸಿ ಬಿಸಿ ತಪ್ಪಿಸಿದರೆ ತಿಂಗಳುಗಳಲ್ಲಿ ಮಾಸುತ್ತದೆ, ಬಿಟ್ಟರೆ ಉಳಿದುಬಿಡಬಹುದು. ಮಧುಮೇಹದಿಂದ ಕಾಲಿನ ಸ್ಪರ್ಶ ಕುಂದಿದವರಿಗೆ ಉರಿಯೇ ಗೊತ್ತಾಗದ ಕಾರಣ ಅವರು ತೊಡೆಯ ಮೇಲೆ ಇಡದಿರುವುದೇ ಸರಿ.

ಈ ಬಿಸಿಯಿಂದ ಮಕ್ಕಳಾಗಲು ತೊಂದರೆಯೇ ಎಂದು ಗಂಡಸರು ಕೇಳುವ ಪ್ರಶ್ನೆಗೂ ಅಳತೆಯ ಉತ್ತರವಿದೆ. ನ್ಯೂಯಾರ್ಕಿನ ಸ್ಟೋನಿ ಬ್ರೂಕ್‌ನಲ್ಲಿ 29 ಮಂದಿಯ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ಗಂಟೆಯಲ್ಲಿ ವೃಷಣಚೀಲದ ಉಷ್ಣತೆ 2.6ರಿಂದ 2.8 ಡಿಗ್ರಿ ಏರಿತು. ಸ್ವಾರಸ್ಯ ಅದಲ್ಲ. ಲ್ಯಾಪ್‌ಟಾಪ್ ಇಲ್ಲದೆ ಬರೀ ತೊಡೆ ಜೋಡಿಸಿ ಕೂತಾಗಲೂ 2.1 ಡಿಗ್ರಿ ಏರಿತ್ತು! ಹಾಗಾಗಿ ಕೂರುವ ಭಂಗಿಯೂ ಲೆಕ್ಕಕ್ಕೆ ಬರುತ್ತದೆ. ಇದರಿಂದ ಮಕ್ಕಳಾಗುವುದಿಲ್ಲ ಎಂದು ಆ ಅಧ್ಯಯನ ಹೇಳಲಿಲ್ಲ. ಅದು ಅಳೆದದ್ದು ಉಷ್ಣತೆಯನ್ನು ಮಾತ್ರ.

ಪರಿಹಾರ ಅಗ್ಗದ್ದು. 40×30 ಸೆಂ.ಮೀ.ನ 6 ಮಿ.ಮೀ. ಪ್ಲೈವುಡ್ ಹಲಗೆ, ತೂಕ ಅರ್ಧ ಕಿಲೋ ಆಸುಪಾಸು. ಅದರ ಮೇಲೆ ಎಡಕ್ಕೊಂದು ಬಲಕ್ಕೊಂದು 1 ಸೆಂ.ಮೀ. ಎತ್ತರದ ರೀಪು ಅಂಟಿಸಿ, ಕಿಂಡಿಗಳಿಗೆ ಅಡ್ಡವಾಗದಂತೆ ಲ್ಯಾಪ್‌ಟಾಪ್ ಕೂರಿಸಿ. ನೆಲದಲ್ಲಿ ಕೂರುವ ಅಭ್ಯಾಸವಿದ್ದರೆ ಶಾನುಭೋಗರ ಕಾಲದ ಇಳಿಜಾರು ಡೆಸ್ಕು ಇನ್ನೂ ಚೆನ್ನ. ದಿಂಬು ತೊಡೆಯನ್ನೇನೋ ಕಾಯುತ್ತದೆ, ಯಂತ್ರವನ್ನು ಬೇಯಿಸುತ್ತದೆ. ಫ್ಯಾನ್ ಇರುವ ‘ಕೂಲಿಂಗ್ ಪ್ಯಾಡ್’ ನಿಮ್ಮ ಯಂತ್ರದ ತಳದಲ್ಲಿ ಕಿಂಡಿಯೇ ಇಲ್ಲದಿದ್ದರೆ ಬಹುಮಟ್ಟಿಗೆ ದುಡ್ಡು ದಂಡ.

ಶಾಖವನ್ನು ಹುಟ್ಟಿನಲ್ಲೇ ಕಡಿಮೆ ಮಾಡುವುದು ಇನ್ನೂ ಜಾಣತನ. ಚಿಪ್ ತನ್ನ ಕೊನೆಯ ಒಂದಿಷ್ಟು ವೇಗಕ್ಕಾಗಿ ವೋಲ್ಟೇಜನ್ನೂ ಏರಿಸಿಕೊಳ್ಳುತ್ತದೆ, ಖರ್ಚು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ ಎಂಬುದು ಕಾಣಿಸಿದರೆ 100ನ್ನು 99 ಮಾಡಿ. ಒಂದೇ ಅಂಕಿಯ ಬದಲಾವಣೆ, ಆದರೆ ಅನೇಕ ಯಂತ್ರಗಳಲ್ಲಿ ‘ಟರ್ಬೊ’ ಎನ್ನುವ ಆ ಕೊನೆಯ ವೇಗವೇ ನಿಂತುಹೋಗುತ್ತದೆ. ಬರೆಯುವುದು, ಓದುವುದಕ್ಕೆ ಅದರ ಕೊರತೆ ಗೊತ್ತಾಗದು. ಚಾರ್ಜ್ ಮಾಡುವಾಗ ಬ್ಯಾಟರಿಯೂ ಬಿಸಿ ಸೇರಿಸುವುದರಿಂದ ಆ ಹೊತ್ತು ಯಂತ್ರ ಮೇಜಿನ ಮೇಲಿರಲಿ.

ಕಂಬಳಿ, ಕೌದಿಯ ಎಳೆಗಳು ಫ್ಯಾನ್ ಮತ್ತು ರೆಕ್ಕೆಗಳ ನಡುವೆ ಸೇರಿ ಉಣ್ಣೆಯ ಪದರದಂತೆ ಕಟ್ಟಿಕೊಳ್ಳುತ್ತವೆ. ಹೊರಗಿನಿಂದ ಊದಿದರೆ ಅದು ಜರುಗುತ್ತದಷ್ಟೇ. ಯಂತ್ರ ಆರಿಸಿ, ತಳ ಬಿಚ್ಚಿ, ಬ್ಯಾಟರಿ ಕನೆಕ್ಟರ್ ತೆಗೆದು, ಫ್ಯಾನ್ ತಿರುಗದಂತೆ ಹಲ್ಲುಕಡ್ಡಿ ಅಡ್ಡ ಹಿಡಿದು ಗಾಳಿ ಊದಿ ಸ್ವಚ್ಛ ಮಾಡಬೇಕು. ಗಾಳಿಯ ರಭಸಕ್ಕೆ ಬೇಕಾಬಿಟ್ಟಿ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗಬಹುದು.

ಇಷ್ಟೆಲ್ಲ ಮಾಡುವ ಮೊದಲು ಲ್ಯಾಪ್‌ಟಾಪನ್ನು ಸಮತಟ್ಟು ಕಲ್ಲಿನ ಮೇಲಿಟ್ಟು ಮೂಲೆಗಳನ್ನು ಒತ್ತಿ ನೋಡಿ. ಈಚೆಗೆ ಅಲ್ಲಾಡತೊಡಗಿದ್ದರೆ, ಅಥವಾ ಟ್ರ್ಯಾಕ್‌ಪ್ಯಾಡ್ ಮೇಲೆದ್ದಿದ್ದರೆ, ಬ್ಯಾಟರಿ ಊದಿರಬಹುದು. ಅಂಥದ್ದನ್ನು ಚಾರ್ಜ್‌ಗೆ ಹಾಕಬಾರದು, ಒತ್ತಿ ಕೂರಿಸಲು ಹೋಗಬಾರದು, ತೊಡೆಯ ಹತ್ತಿರವಂತೂ ತರಲೇಬಾರದು.