ಹುಟ್ಟದ ಕರುಗಳು ಹೇಳಿದ ಸತ್ಯ

ದನದ ತಳಿಯೆಂದರೆ ಅನಾದಿಯಿಂದ ಕೆಡದೆ ಉಳಿದುಬಂದ ‘ಶುದ್ಧ ರಕ್ತ’ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಅದು ತಪ್ಪು ಮಾತ್ರವಲ್ಲ, ಅಪಾಯಕಾರಿಯೂ ಹೌದು. ಆರಾಕ್ಸ್ ಎಂಬ ಕಾಡುದನವನ್ನು ಪಶ್ಚಿಮ ಏಷ್ಯಾದ ಜನ ಸುಮಾರು 10,500 ವರ್ಷಗಳ ಹಿಂದೆ ಪಳಗಿಸಿದರು. ಹಿಣಿಲಿರುವ ದನಗಳ ಮೂಲ ಬೇರೆಯೇ, ಅದು ಸಿಂಧೂ ಸೀಮೆಯದು. ಅಲ್ಲಿಂದಾಚೆಗೆ ಉಳುಮೆ, ಹಾಲು, ಮಾಂಸ, ಬಿಸಿಲು, ರೋಗ ಇವೆಲ್ಲ ಸೇರಿ ದನವನ್ನು ತಿದ್ದುತ್ತಲೇ ಬಂದಿವೆ. ನಾವು ಇಂದು ತಳಿಯೆಂದು ಕರೆಯುವ, ವಂಶಾವಳಿ ಬರೆದಿಟ್ಟ ಗುಂಪು ತೀರ ಈಚಿನದು: ಇಂಗ್ಲೆಂಡಿನ ರಾಬರ್ಟ್ ಬೇಕ್‌ವೆಲ್ (1725–1795) ಹತ್ತಿರದ ಸಂಬಂಧದಲ್ಲೇ ದನಗಳನ್ನು ಕೂಡಿಸಿ ಬೇಕಾದ ಗುಣವನ್ನು ನೆಲೆಗೊಳಿಸಿದ, ಶಾರ್ಟ್‌ಹಾರ್ನ್ ದನಗಳ ವಂಶಾವಳಿ ಪುಸ್ತಕ 1822ರಲ್ಲಿ ಅಚ್ಚಾಯಿತು.

ಗ್ಲಿಸರಾಲ್ ಬೆರೆಸಿದರೆ ವೀರ್ಯಾಣುಗಳು ಹೆಪ್ಪುಗಟ್ಟಿಯೂ ಬದುಕುತ್ತವೆ ಎಂದು 1949ರಲ್ಲಿ ತಿಳಿದದ್ದು ಎಲ್ಲವನ್ನೂ ಬದಲಿಸಿತು. ಒಂದು ಬೀಜದ ಹೋರಿ ಸತ್ತ ಮೇಲೂ ದೂರದೇಶದಲ್ಲಿ ತಂದೆಯಾಗಬಹುದಾಯಿತು. ಅಮೆರಿಕದಲ್ಲಿ 1962ರಲ್ಲಿ ಹುಟ್ಟಿದ ‘ಚೀಫ್’ ಎಂಬ, ಹೋಲ್‌ಸ್ಟೀನ್ ಎಂಬ ಹಾಲಿನ ತಳಿಯ ಹೋರಿಗೆ ಹೀಗೆ ಹುಟ್ಟಿದ ಹೆಣ್ಣು ಕರುಗಳೇ 16,000. ಅದರ ವಂಶದ ಹಸುಗಳು ಹೇರಳವಾಗಿ ಹಾಲು ಕರೆದವು.

ಆದರೆ ಚೀಫ್‌ನ ಒಂದು ಜೀನ್‌ನಲ್ಲಿ ದೋಷವಿತ್ತು. ಪ್ರತಿ ಜೀನಿಗೂ ಎರಡು ಪ್ರತಿಗಳಿರುತ್ತವೆ, ಒಂದೇ ಪತ್ರವನ್ನು ಎರಡು ಪೆಟ್ಟಿಗೆಯಲ್ಲಿ ಇಟ್ಟಂತೆ. ಒಂದಕ್ಕೆ ಗೆದ್ದಲು ಹಿಡಿದರೂ ಇನ್ನೊಂದರಿಂದ ಕೆಲಸ ಸಾಗುತ್ತದೆ. ಚೀಫ್‌ ಆರೋಗ್ಯವಾಗಿದ್ದದ್ದು ಹೀಗೆ. ವಂಶ ಬೆಳೆದು, ದೋಷ ಹೊತ್ತ ಹೋರಿಯೂ ದೋಷ ಹೊತ್ತ ಹಸುವೂ ಕೂಡಿದಾಗ, ನಾಲ್ಕರಲ್ಲಿ ಒಂದು ಭ್ರೂಣಕ್ಕೆ ಎರಡೂ ಕೆಟ್ಟ ಪ್ರತಿಗಳೇ ದಕ್ಕಿ ಅದು ಗರ್ಭದಲ್ಲೇ ಸಾಯುತ್ತಿತ್ತು. ಹಸು ಕಂದು ಹಾಕಿತೆಂದೋ ಗಬ್ಬ ನಿಲ್ಲಲಿಲ್ಲವೆಂದೋ ರೈತ ನೊಂದುಕೊಳ್ಳುತ್ತಿದ್ದ. ಕಾರಣ ಕಣ್ಣಿಗೆ ಬೀಳುತ್ತಿರಲಿಲ್ಲ. ಇಂಥ ಕಡೆಯೇ ದೃಷ್ಟಿ, ಶಾಪಗಳ ಮಾತು ಹುಟ್ಟಿಕೊಳ್ಳುವುದು.

ವಿಜ್ಞಾನಿಗಳು ಇದನ್ನು ಪತ್ತೆಮಾಡಿದ ರೀತಿ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಅವರು ಸತ್ತ ಭ್ರೂಣಗಳನ್ನು ಹುಡುಕಲಿಲ್ಲ, ಬದುಕಿರುವ ಸಾವಿರಾರು ದನಗಳ ಡಿಎನ್ಎ ಓದಿದರು. ಒಂದು ತುಣುಕನ್ನು ಒಂದೇ ಪ್ರತಿಯಲ್ಲಿ ಹೊತ್ತ ದನಗಳು ಬೇಕಾದಷ್ಟಿದ್ದವು. ಆ ಲೆಕ್ಕದಂತೆ ಎರಡು ಪ್ರತಿ ಹೊತ್ತವೂ ಹಲವಿರಬೇಕಿತ್ತು, ಒಂದೂ ಸಿಗಲಿಲ್ಲ. ಊರಿನ ಮನೆಗಳನ್ನು ಎಣಿಸುವವನು ಅಡಿಪಾಯ ಕಂಡೂ ಮನೆ ಕಾಣದೆ ಅಲ್ಲೇನೋ ಕುಸಿದಿದೆಯೆಂದು ಊಹಿಸುವ ಹಾಗೆ, ಆ ಇಲ್ಲದಿರುವಿಕೆಯೇ ಅವರಿಗೆ ಸುಳಿವಾಯಿತು. ಚೀಫ್‌ನ ದೋಷದಿಂದ ಜಗತ್ತಿನಲ್ಲಿ ಸುಮಾರು 5 ಲಕ್ಷ ಭ್ರೂಣಗಳು ಅಳಿದವೆಂದು 2016ರಲ್ಲಿ ಅಂದಾಜಿಸಲಾಯಿತು. ಇದೇ ವಿಧಾನದಿಂದ ಬೇರೆ ತಳಿಗಳಲ್ಲೂ ಇಂಥ ತುಣುಕುಗಳು ಸಿಕ್ಕಿವೆ, ಮತ್ತು ಈಗ ದೋಷ ಹೊತ್ತ ಹಸುವಿಗೆ ಅದೇ ದೋಷವಿರುವ ಹೋರಿಯ ವೀರ್ಯ ಕೊಡದಂತೆ ಮೊದಲೇ ಪರೀಕ್ಷಿಸಿ ನೋಡಬಹುದು.