ಎತ್ತಿದ ಕುದುರೆ, ಬಿದ್ದ ಪಿಸ್ತೂಲು

ಕೋವಿಯ ಹಿಂಬದಿಯಲ್ಲಿ ಹೆಬ್ಬೆರಳಿನಿಂದ ಎಳೆಯುವ ಪುಟ್ಟ ಸುತ್ತಿಗೆ ಇರುತ್ತದಲ್ಲ, ಅದಕ್ಕೆ ಕನ್ನಡದಲ್ಲಿ ಕುದುರೆ ಅಂತ ಹೆಸರು. ಕುದುರೆ ಎತ್ತಿದ್ದರೆ ಕೋವಿ ಎಚ್ಚರವಾಗಿದೆ, ಇಳಿಸಿದ್ದರೆ ಮಲಗಿದೆ ಎಂದು ಎಲ್ಲರೂ ನಂಬಿದ್ದಾರೆ. ಹಾಗಾಗಿಯೇ ಅಮೆರಿಕದ 1911 ಎಂಬ ಹಳೇ ಪಿಸ್ತೂಲನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡವರ ಫೋಟೊ ನೋಡಿದರೆ ಹಲವರಿಗೆ ಎದೆ ಝಲ್ಲೆನ್ನುತ್ತದೆ. ಒಳಗೆ ತೋಟಾ ಇದೆ, ಕುದುರೆ ಪೂರ್ತಿ ಹಿಂದಕ್ಕೆ ಬಾಗಿ ನಿಂತಿದೆ. ಅಯ್ಯೋ, ಜಾರಿ ಬಿದ್ದರೆ ಗತಿಯೇನು?

ಪ್ರಶ್ನೆ ಚೆನ್ನಾಗಿದೆ. ಆದರೆ ಬೆರಳು ತೋರಿಸುತ್ತಿರುವ ಜಾಗ ತಪ್ಪು. ಪಿಸ್ತೂಲು ಬಿದ್ದಾಗ ಹೆದರಬೇಕಾದ್ದು ಎತ್ತಿದ ಕುದುರೆಗಲ್ಲ, ಕಣ್ಣಿಗೇ ಕಾಣದ ಒಂದು ಸಣ್ಣ ಕಡ್ಡಿಗೆ. ಅದರ ಕಥೆ ಹೇಳುವ ಮೊದಲು ಈ ಪಿಸ್ತೂಲು ಹುಟ್ಟಿದ ಕಥೆ ಹೇಳದೆ ನನಗೆ ಸಮಾಧಾನವಿಲ್ಲ.

ಇದನ್ನು ಮಾಡಿದವನು ಜಾನ್ ಮೋಸೆಸ್ ಬ್ರೌನಿಂಗ್. ಯೂಟಾದ ಆಗ್ಡನ್ ಊರಿನವನು, 1855ರಲ್ಲಿ ಹುಟ್ಟಿದವನು, ಕೋವಿ ಮಾಡುವವನ ಮಗ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ಸೈನ್ಯ ಫಿಲಿಪೀನ್ಸಿನಲ್ಲಿ ಮೋರೋ ಜನರ ಜೊತೆ ಕಾದಾಡುತ್ತಿತ್ತು. ನಮ್ಮ .38 (ಇಂಚಿನಲ್ಲಿ ಗುಂಡಿನ ಅಂದಾಜು ದಪ್ಪ) ರಿವಾಲ್ವರಿನ ಗುಂಡು ತಗುಲಿದರೂ ಎದುರಾಳಿ ನಿಲ್ಲುತ್ತಿಲ್ಲ ಎಂದು ಸಿಪಾಯಿಗಳು ದೂರಿದರು. 1904ರಲ್ಲಿ ಥಾಂಪ್ಸನ್ ಮತ್ತು ಲಾಗಾರ್ಡ್ ಎಂಬ ಇಬ್ಬರು ಅಧಿಕಾರಿಗಳು ಷಿಕಾಗೋದ ಕಸಾಯಿಖಾನೆಗೆ ಹೋಗಿ ದನಗಳ ಮೇಲೆ ಗುಂಡು ಹಾರಿಸಿದರು, ಮನುಷ್ಯರ ಶವಗಳ ಮೇಲೂ ಹಾರಿಸಿ ನೋಡಿದರು. .45ಕ್ಕಿಂತ ಸಣ್ಣ ಗುಂಡು ಬೇಡ ಎಂದು ವರದಿ ಕೊಟ್ಟರು. ಇಷ್ಟು ಒರಟು ಪರೀಕ್ಷೆಯನ್ನು ವಿಜ್ಞಾನ ಎನ್ನಲು ನನಗೆ ಮನಸ್ಸಿಲ್ಲ.

ಗುಂಡು ತಗುಲಿದವನು ಸಿನಿಮಾದಲ್ಲಿ ಗಾಳಿಯಲ್ಲಿ ಹಾರಿ ಹಿಂದಕ್ಕೆ ಬೀಳುತ್ತಾನಲ್ಲ, ಅದು ಶುದ್ಧ ಸುಳ್ಳು. .45ರ ಗುಂಡು ಸುಮಾರು 15 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 250 ಮೀಟರ್. ಅದರ ಅಷ್ಟೂ ತಳ್ಳು 70 ಕಿಲೋ ಮನುಷ್ಯನಿಗೆ ಸಿಕ್ಕರೂ ಅವನು ಹಿಂದೆ ಸರಿಯುವುದು ಸೆಕೆಂಡಿಗೆ 5 ಸೆಂಟಿಮೀಟರಿನಷ್ಟು. ಸಂತೆಯಲ್ಲಿ ಯಾರೋ ಭುಜ ತಾಗಿಸಿಕೊಂಡು ಹೋದರೆ ಇದಕ್ಕಿಂತ ಜಾಸ್ತಿ ಅಲುಗಾಡುತ್ತೇವೆ. ಗುಂಡು ಕೊಲ್ಲುವುದು ತಳ್ಳಿ ಅಲ್ಲ, ತೂತು ಮಾಡಿ.

ಇರಲಿ. 1911ರ ಮಾರ್ಚಿನಲ್ಲಿ ನಡೆದ ಕೊನೆಯ ಪರೀಕ್ಷೆಯಲ್ಲಿ ಬ್ರೌನಿಂಗನ ಪಿಸ್ತೂಲು ಒಮ್ಮೆಯೂ ಸಿಕ್ಕಿಹಾಕಿಕೊಳ್ಳದೆ 6,000 ಗುಂಡು ಹಾರಿಸಿತು. ಅದೇ ತಿಂಗಳ 29ಕ್ಕೆ ಸೈನ್ಯ ಅದನ್ನು ಒಪ್ಪಿಕೊಂಡಿತು. 1985ರಲ್ಲಿ ಇಟಲಿಯ ಬೆರೆಟ್ಟಾ ಪಿಸ್ತೂಲು ಬರುವವರೆಗೆ ಅದರದೇ ದರ್ಬಾರು.

ಆಗ ಪಿಸ್ತೂಲಿನ ದೊಡ್ಡ ಗಿರಾಕಿ ಅಂದರೆ ಅಶ್ವದಳ. ಸವಾರನ ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಪಿಸ್ತೂಲು. ಕೆಳಗಿನ ಕುದುರೆ ಬೆದರಿದರೆ ಕೈಯಲ್ಲಿರುವ ಕುದುರೆಯನ್ನು ಇಳಿಸುತ್ತಾ ಕೂರುವುದಕ್ಕೆ ಆಗುತ್ತದೆಯೇ? ಒಂದೇ ಕೈಯಲ್ಲಿ, ಒಂದೇ ಬೆರಳಲ್ಲಿ ಪಿಸ್ತೂಲಿಗೆ ಬೀಗ ಹಾಕಿ ಒರೆಗೆ ತುರುಕುವಂತಿರಬೇಕು. ಹೆಬ್ಬೆರಳಿನ ಸೇಫ್ಟಿ ಬಂದದ್ದು ಹೀಗೆ. 1910ರ ಮಾದರಿಯಲ್ಲಿ ಮೊದಲು ಅದು ಇರಲೇ ಇಲ್ಲ, ಕೊನೇ ಗಳಿಗೆಯಲ್ಲಿ ಸೇರಿಸಿದ್ದು. ಅದನ್ನು ಮೇಲಕ್ಕೆ ತಳ್ಳಿದರೆ, ಕುದುರೆಯನ್ನು ಹಿಡಿದಿಟ್ಟ ಕೊಂಡಿ ಅಲ್ಲಾಡದಂತೆ ಬಿಗಿಯಾಗುತ್ತದೆ. ಹಿಡಿಯ ಬೆನ್ನಿನಲ್ಲಿ ಇನ್ನೊಂದು ಸೇಫ್ಟಿ ಇದೆ. ಅಂಗೈ ಅದನ್ನು ಒತ್ತಿದ್ದರೆ ಮಾತ್ರ ಟ್ರಿಗರ್ ಹಿಂದಕ್ಕೆ ಸರಿಯುತ್ತದೆ. ಇವೆರಡೂ ಕೈಕೊಟ್ಟು ಕುದುರೆ ಜಾರಿದರೂ ಅರ್ಧ ದಾರಿಯಲ್ಲಿ ಹಿಡಿಯಲು ಅದರಲ್ಲೇ ಒಂದು ಕಚ್ಚು ಇದೆ. ಎತ್ತಿದ ಕುದುರೆಗೆ ಮೂರು ಕಾವಲು.

ಈಗ, ‘ನನಗೆ ಭಯ’ ಅಂತ ಕುದುರೆ ಇಳಿಸಿಡುವವನು ಏನು ಮಾಡುತ್ತಾನೆ ನೋಡಿ. ಒಳಗೆ ಜೀವಂತ ತೋಟಾ ಇರುವಾಗಲೇ ಹಿಡಿಯನ್ನು ಒತ್ತಿ, ಟ್ರಿಗರ್ ಎಳೆದು, ಹೆಬ್ಬೆರಳಿನಿಂದ ಕುದುರೆಯನ್ನು ಮೆಲ್ಲಗೆ ಬಿಡುತ್ತಾನೆ. ಕೈ ಬೆವರಿ ಹೆಬ್ಬೆರಳು ಜಾರಿದರೆ ಢಮಾರ್. ಸುರಕ್ಷಿತವಾಗಿ ಕಾಣಲಿ ಅಂತ ಅತ್ಯಂತ ಅಪಾಯದ ಕೆಲಸ! ನಿಂಬೆಹಣ್ಣು ಕಟ್ಟಿದ್ದೇನೆ ಅಂತ ಬ್ರೇಕ್ ನೋಡದೆ ಲಾರಿ ಹೊರಡಿಸುವವರಿಗೂ ಇವರಿಗೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ಇನ್ನು ನನ್ನ ಮುದ್ದಿನ ಕಡ್ಡಿ. ಕುದುರೆ ನೇರವಾಗಿ ತೋಟಾಕ್ಕೆ ಬಡಿಯುವುದಿಲ್ಲ. ನಡುವೆ ಸ್ಲೈಡಿನ, ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗದ, ಒಳಗೆ ಒಂದು ಉಕ್ಕಿನ ಪಿನ್ ಇದೆ. 1873ರ ಕೋಲ್ಟ್ ರಿವಾಲ್ವರಿನಲ್ಲಿ ಈ ಮೊನೆ ಕುದುರೆಗೇ ಅಂಟಿಕೊಂಡಿತ್ತು. ಕುದುರೆ ಇಳಿದಿದ್ದರೆ ಅದು ತೋಟಾದ ಪ್ರೈಮರಿನ, ಅಂದರೆ ಪೆಟ್ಟು ಬಿದ್ದರೆ ಹೊತ್ತಿ ಮದ್ದಿಗೆ ಬೆಂಕಿ ತಾಗಿಸುವ ಪುಟ್ಟ ಬಟ್ಟಲಿನ, ಮೇಲೇ ಕೂತಿರುತ್ತಿತ್ತು. ಹಿಂದಿನಿಂದ ಒಂದು ಪೆಟ್ಟು ಬಿದ್ದರೆ ಮುಗಿಯಿತು. ಅದಕ್ಕೇ ತಿಳಿದವರು, ಕುದುರೆ ಖಾಲಿ ಮನೆಯ ಮೇಲೆ ಕೂರಲಿ ಅಂತ, ಆರು ಮನೆಯ ರಿವಾಲ್ವರಿನಲ್ಲಿ ಐದೇ ತೋಟಾ ತುಂಬುತ್ತಿದ್ದರು. ಬ್ರೌನಿಂಗ್ ಪಿನ್ನನ್ನು ಬೇರೆ ಮಾಡಿದ, ಅದು ಕೂತಿರುವ ದಾರಿಗಿಂತ ಅದನ್ನು ಗಿಡ್ಡ ಮಾಡಿದ, ಹಿಂದಕ್ಕೆ ತಳ್ಳಲು ಒಂದು ಸ್ಪ್ರಿಂಗ್ ಇಟ್ಟ. ಕುದುರೆ ಒರಗಿ ಕೂತಿದ್ದರೂ ಪಿನ್ನಿನ ಮೊನೆ ಪ್ರೈಮರಿಗೆ ಮುಟ್ಟುವುದಿಲ್ಲ.

ಹಾಗಾದರೆ ಗುಂಡು ಹಾರುವುದು ಹೇಗೆ? ಕೇರಂ ಬೋರ್ಡ್ ನೆನಪಿಸಿಕೊಳ್ಳಿ. ಸ್ಟ್ರೈಕರ್ ಬಡಿದು ಹಿಂದೆ ಉಳಿಯುತ್ತದೆ, ಪಾನು ಮುಂದೆ ಓಡುತ್ತದೆ. ಕುದುರೆ ಸ್ಟ್ರೈಕರ್, ಪಿನ್ ಪಾನು. ಬಡಿಸಿಕೊಂಡ ಓಟದಲ್ಲಿ ಅದು ಸ್ಪ್ರಿಂಗನ್ನು ಅದುಮಿಕೊಂಡು, ಉಳಿದ ದಾರಿಯನ್ನು ತಾನೇ ದಾಟಿ, ಪ್ರೈಮರಿಗೆ ಕುಟ್ಟಿ ವಾಪಸು ಬರುತ್ತದೆ. ಮೆಲ್ಲಗೆ ಒತ್ತಿದರೆ ತಲುಪುವುದಿಲ್ಲ, ಜೋರಾಗಿ ಹೊಡೆದರೆ ಮಾತ್ರ ತಲುಪುತ್ತದೆ.

ಎಷ್ಟು ಚೆಂದ ಅಲ್ವಾ? ತೊಂದರೆ ಇರುವುದೂ ಇಲ್ಲೇ. ಓಡಲು ಪಿನ್ನಿಗೆ ಕುದುರೆಯ ಪೆಟ್ಟೇ ಬೇಕೆಂದೇನೂ ಇಲ್ಲ. ಕೊಡಲಿಯ ತಲೆ ಸಡಿಲವಾದರೆ ಏನು ಮಾಡುತ್ತೇವೆ? ಕಾವಿನ ತುದಿಯನ್ನು ನೆಲಕ್ಕೆ ಕುಟ್ಟುತ್ತೇವೆ. ಕಾವು ನೆಲ ಮುಟ್ಟಿ ನಿಲ್ಲುತ್ತದೆ, ತಲೆ ಇನ್ನೂ ಕೆಳಕ್ಕೆ ಹೋಗುತ್ತಲೇ ಇರುತ್ತದೆ, ಬಿಗಿಯಾಗುತ್ತದೆ. ಡ್ರೈವರ್ ಬ್ರೇಕ್ ಒತ್ತಿದಾಗ ನಿಂತ ಪ್ರಯಾಣಿಕರೆಲ್ಲ ಇಂಜಿನ್ ಕಡೆ ಮುಗ್ಗರಿಸುವುದೂ ಇದೇ ಲೆಕ್ಕ. ಪಿಸ್ತೂಲು ನಳಿಗೆ ಕೆಳಗಾಗಿ ನೆಟ್ಟಗೆ ಬಿದ್ದರೆ ಪಿಸ್ತೂಲು ನಿಲ್ಲುತ್ತದೆ, ಒಳಗಿನ ಪಿನ್ ನಿಲ್ಲುವುದಿಲ್ಲ. ಒಂದು ಮೀಟರಿನಿಂದ ಬಿದ್ದರೆ ಸೆಕೆಂಡಿಗೆ 4.4 ಮೀಟರ್ ವೇಗ. ಸಾಮಾನ್ಯವಾಗಿ ಸ್ಪ್ರಿಂಗ್ ತಡೆಯುತ್ತದೆ. ಎತ್ತರ ಜಾಸ್ತಿಯಾಗಿ, ನೆಲ ಗಟ್ಟಿಯಾಗಿದ್ದು, ಸ್ಪ್ರಿಂಗ್ ಸೊರಗಿದ್ದರೆ ತಡೆಯದೆಯೂ ಇರಬಹುದು. ಆಗ ಕುದುರೆ ಎತ್ತಿತ್ತೋ ಇಳಿದಿತ್ತೋ, ಹೆಬ್ಬೆರಳಿನ ಸೇಫ್ಟಿ ಹಾಕಿತ್ತೋ ಇಲ್ಲವೋ, ಯಾವುದೂ ಲೆಕ್ಕಕ್ಕಿಲ್ಲ. ಮುಂಬಾಗಿಲಿಗೆ ಮೂರು ಬೀಗ, ಹಿತ್ತಲ ಬಾಗಿಲಿಗೆ ಬರೀ ಪರದೆ.

ಇದಕ್ಕೆ ಪರಿಹಾರ 1930ರ ದಶಕದ ಕೊನೆಯಲ್ಲೇ ಬಂದಿತ್ತು. ಸ್ವಾರ್ಟ್ಜ್ ಎಂಬವನ ಉಪಾಯ: ಪಿನ್ನಿಗೇ ಒಂದು ಅಗುಳಿ, ಹಿಡಿಯ ಸೇಫ್ಟಿ ಒತ್ತಿದಾಗ ಅದು ಸರಿಯುತ್ತದೆ. ಯುದ್ಧ ಬಂತು, ಅದು ಮೂಲೆ ಸೇರಿತು. 1983ರಲ್ಲಿ ಕೋಲ್ಟ್ ಕಂಪನಿ ‘ಸೀರೀಸ್ 80’ ತಂದಿತು. ಇಲ್ಲಿ ಅಗುಳಿ ಸರಿಸುವುದು ಟ್ರಿಗರ್. ಹಳೇ ಪಿಸ್ತೂಲಿನ ಭಕ್ತರು ಇವತ್ತಿಗೂ ಗೊಣಗುತ್ತಾರೆ, ಟ್ರಿಗರ್ ಎಳೆದಾಗ ಮರಳು ಸಿಕ್ಕಂತಾಗುತ್ತದೆ, ಬ್ರೌನಿಂಗ್ ಮಾಡಿದ್ದನ್ನು ಕೆಡಿಸಿದರು ಅಂತ. ಗುರಿ ಸ್ಪರ್ಧೆಯವರು ಹೀಗೆಂದರೆ ಒಪ್ಪಬಹುದು. ಸೊಂಟದಲ್ಲಿ ಇಟ್ಟುಕೊಂಡು ತಿರುಗುವವರು ಹೇಳಿದರೆ ನನಗೆ ನಗು ಬರುತ್ತದೆ. ಬ್ರೌನಿಂಗ್ ಜೀವನವಿಡೀ ತನ್ನದೇ ವಿನ್ಯಾಸಗಳನ್ನು ತಿದ್ದುತ್ತಲೇ ಇದ್ದವನು. 1926ರಲ್ಲಿ ಬೆಲ್ಜಿಯಮ್ಮಿನಲ್ಲಿ ತೀರಿಕೊಂಡಾಗಲೂ ಮುಂದಿನ ಪಿಸ್ತೂಲಿನ ಕೆಲಸ ಅರ್ಧಕ್ಕೆ ನಿಂತಿತ್ತು.

ಅದನ್ನು ಬೆಲ್ಜಿಯಮ್ಮಿನ ವಿನ್ಯಾಸಕಾರ ಡ್ಯೂಡೊನೆ ಸೇವ್ ಮುಗಿಸಿದ, 1935ರಲ್ಲಿ ‘ಹೈ ಪವರ್’ ಎಂದು ಹೊರಬಂತು. ಬಂಗಾಳದ ಈಶಾಪುರ ಕಾರ್ಖಾನೆಯಲ್ಲಿ ಮಾಡಿದ, ನಮ್ಮ ಸೈನ್ಯ ಮತ್ತು ಪೊಲೀಸರು ಬಳಸುವ 9 ಎಂಎಂ ಪಿಸ್ತೂಲು ಇದರದೇ ಸಂತಾನ. ಮ್ಯಾಗಜಿನ್, ಅಂದರೆ ಹಿಡಿಯೊಳಗೆ ಕೂರುವ ತೋಟಾಗಳ ಡಬ್ಬಿ, ತೆಗೆದರೆ ಹೈ ಪವರ್ ಗುಂಡು ಹಾರಿಸುವುದಿಲ್ಲ. 1911 ಹಾರಿಸುತ್ತದೆ. ಮ್ಯಾಗಜಿನ್ ತೆಗೆದ ಮೇಲೂ ನಳಿಗೆಯ ಹಿಂದೆ ಒಂದು ತೋಟಾ ಕೂತಿರಬಹುದು ಎನ್ನುವುದು ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ. ಎನ್‌ಸಿಸಿಯಲ್ಲಿ .22 ರೈಫಲ್ ಹಿಡಿದಿದ್ದಾಗ, ಖಾಲಿ ಇದೆ ಸಾರ್ ಅಂದ ನನಗೆ ಹವಾಲ್ದಾರರು, "ಬೋಲ್ಟ್ ಎಳೆದು ನೋಡಿ ಹೇಳು, ಸುಮ್ನೆ ಹೇಳಬೇಡ" ಎಂದು ಗದರಿದ್ದರು.

ನನಗೆ ಎಲ್ಲಕ್ಕಿಂತ ಇಷ್ಟವಾದ ಪರಿಹಾರದಲ್ಲಿ ಅಗುಳಿಯೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 2001ರಿಂದ ಹೊಸ ಮಾದರಿಯ ಪಿಸ್ತೂಲನ್ನು ಸುಮಾರು ಒಂದು ಮೀಟರ್ ಎತ್ತರದಿಂದ ಕಾಂಕ್ರೀಟಿನ ಮೇಲೆ ಬೀಳಿಸಿ ನೋಡುತ್ತಾರೆ. 1911 ಮಾದರಿಯ ಪಿಸ್ತೂಲು ಮಾಡುವ ಸ್ಪ್ರಿಂಗ್‌ಫೀಲ್ಡ್ ಕಂಪನಿಯವರು ಪಿನ್ನನ್ನೇ ಟೈಟಾನಿಯಮ್ಮಿನಲ್ಲಿ ಮಾಡಿದರು, ಸ್ಪ್ರಿಂಗನ್ನು ಬಿಗಿ ಮಾಡಿದರು. ಘನ ಸೆಂಟಿಮೀಟರಿಗೆ ಉಕ್ಕು 7.8 ಗ್ರಾಂ, ಟೈಟಾನಿಯಂ 4.5. ಬೀಳುವ ವೇಗ ಅಷ್ಟೇ, ಆದರೆ ಹಗುರ ಪಿನ್ನಿಗೆ ಸ್ಪ್ರಿಂಗನ್ನು ಸೋಲಿಸುವ ತಾಕತ್ತಿಲ್ಲ. ಹೊಸ ಬಿಡಿಭಾಗ ಒಂದೂ ಇಲ್ಲ, ಟ್ರಿಗರಿನಲ್ಲಿ ಮರಳೂ ಇಲ್ಲ. ಹಾಗಂತ ಪುಕ್ಕಟೆಯೇನಲ್ಲ. ಪ್ರೈಮರ್ ಸ್ವಲ್ಪ ಗಟ್ಟಿಯಾಗಿದ್ದರೆ ಈ ಹಗುರ ಪೆಟ್ಟು ಸಾಲದೆ, ಟ್ರಿಗರ್ ಎಳೆದಾಗ ಬರೀ ಟಿಕ್ ಎಂದು ಸುಮ್ಮನಾಗುವುದೂ ಉಂಟು.